ನೀರು ಬೇಡದ ಬೈರಿಗೆ

ಕಬ್ಬಿಣಕ್ಕೆ ತೂತು ಹಾಕುವ ಬೈರಿಗೆಯನ್ನು ಕೊಳ್ಳುವ ಮುಂಚೆ ಗಾಜಿನ ಮೇಲೆ ಉರುಳಿಸಿ ನೋಡಬೇಕು. ನೆಟ್ಟಗಿದ್ದರೆ ಒಂದೇ ಸದ್ದಿನಲ್ಲಿ ಉರುಳಿ ಹೋಗುತ್ತದೆ. ಕೂದಲೆಳೆಯಷ್ಟು ಬಾಗಿದ್ದರೂ ಕುಂಟುತ್ತದೆ. ಆಮೇಲೆ ಅದರ ಮೂತಿಯನ್ನು ಬೆಳಕಿಗೆ ಹಿಡಿದು, ಕೊರೆಯುವ ಎರಡೂ ಅಂಚುಗಳು ಒಂದೇ ಉದ್ದ, ಒಂದೇ ಓರೆ ಇವೆಯೇ ಎಂದು ನೋಡಬೇಕು. ಕೊನೆಗೆ ಯಂತ್ರ ಕಚ್ಚಿ ಹಿಡಿಯುವ ನುಣುಪಾದ ಭಾಗದಲ್ಲಿ ಏನು ಅಕ್ಷರ ಒತ್ತಿದ್ದಾರೆಂದು ಓದಬೇಕು. ಉಗುರಿನಿಂದ ತಡವಿದರೆ ಮಾತ್ರ ತಿಳಿಯುವಷ್ಟು ಸಣ್ಣ ಅಕ್ಷರಗಳು ಅವು; ಯಾವ ಉಕ್ಕು ಎಂದು ಹೇಳುವುದು ಅವೇ.

ಇದನ್ನೆಲ್ಲ ನನಗೆ ಕಲಿಸಿದವರು ನಮ್ಮ ಮನೆಯವರು. ಎಪ್ಪತ್ತರ ದಶಕದ ಮೊದಲ ವರ್ಷಗಳು. ಮದುವೆಯಾದ ಹೊಸದರಲ್ಲಿ ವಿಜಾಪುರದ ಹಾರ್ಡ್‌ವೇರ್ ಅಂಗಡಿಗೆ ನನ್ನನ್ನೂ ಕರೆದುಕೊಂಡು ಹೋಗಿದ್ದರು. ಗಲ್ಲೆಯ ಮೇಲಿನ ಗಾಜಿನ ಮೇಲೆ ಒಂದೊಂದೇ ಬೈರಿಗೆ ಉರುಳಿಸಿ, ಕಿವಿಯನ್ನು ಗಾಜಿಗೆ ತಾಗುವಷ್ಟು ಬಗ್ಗಿಸಿ ಕೇಳುತ್ತಿದ್ದರು. ಅಂಗಡಿಯವನಿಗೆ ಬೇಸರ ಬಂತು.

"ಏನ್ರಿ ಮಿಸ್ತ್ರಿ, ಕನ್ಯಾ ನೋಡಿದಂಗ ನೋಡಾಕತ್ತೀರಲ್ಲ."

"ಕನ್ಯಾ ನೋಡುಮುಂದ ಇಷ್ಟು ನೋಡಿದ್ದಿಲ್ಲರಿ" ಎಂದು ಇವರು ಅಂದರು. ನಾನು ಪಕ್ಕದಲ್ಲೇ ನಿಂತಿದ್ದೆ. ಅಂಗಡಿಯವನು ನನ್ನ ಮುಖ ನೋಡಿ ನಾಲಿಗೆ ಕಚ್ಚಿಕೊಂಡ. ಬಸ್ಸಿನಲ್ಲಿ ಸಿಂದಗಿಗೆ ಬರುವಾಗ ದಾರಿಯುದ್ದಕ್ಕೂ ನಾನು ಇವರ ಜೊತೆ ಮಾತಾಡಲಿಲ್ಲ. ಇವರು ಅದಕ್ಕೂ ನಕ್ಕರು.

ನಮ್ಮದು ಕಮ್ಮಾರರ ಮನೆ. ಮಾವನವರ ಕುಲುಮೆ ದೇವಣಗಾಂವದಲ್ಲಿತ್ತು. ಕುಡಗೋಲು, ಕೊಡಲಿ, ನೇಗಿಲ ಕುಳ, ಕುಂಟೆಯ ಕುಡ, ಊರಿಗೆ ಬೇಕಾದುದೆಲ್ಲ ಅಲ್ಲೇ ಆಗುತ್ತಿತ್ತು. ನಮ್ಮ ಮನೆಯವರು ಪ್ರಾಯದಲ್ಲಿ ಸೊಲ್ಲಾಪುರಕ್ಕೆ ಹೋಗಿ ಒಂದು ವರ್ಕ್‌ಶಾಪಿನಲ್ಲಿ ಕೆಲವು ವರ್ಷ ದುಡಿದು, ತಿರುಗಿ ಬಂದು ಸಿಂದಗಿಯಲ್ಲಿ ಇಂಡಿ ರಸ್ತೆಯ ಮಗ್ಗುಲಿಗೆ ಒಂದು ಸಣ್ಣ ವರ್ಕ್‌ಶಾಪ್ ಹಾಕಿದರು. ಮುಂದೆ ತಗಡಿನ ಚಪ್ಪರ, ಹಿಂದೆ ನಮ್ಮ ಮನೆ. ಅಡುಗೆ ಮನೆಯ ಕಿಟಕಿಯಿಂದ ಡ್ರಿಲ್ ಮಷೀನು ಕಾಣುತ್ತಿತ್ತು. ಬಾವಿಯ ಇಂಜಿನ್ನು, ಟಾಯರ್ ಗಾಡಿಯ ಅಚ್ಚು, ಲಾರಿಯ ಪಾಟಾ, ಎಲ್ಲಕ್ಕೂ ತೂತು ಬೇಕು. ಹೂವಿನ ಹಿಪ್ಪರಗಿಯಿಂದ, ಮುದ್ದೇಬಿಹಾಳದ ಕಡೆಯಿಂದ ಕೂಡ ಜನ ಗಾಡಿಯಲ್ಲಿ ಕಬ್ಬಿಣ ಹೇರಿಕೊಂಡು ಬರುತ್ತಿದ್ದರು.

ಅತ್ತೆ ತೀರಿಕೊಂಡ ಮೇಲೆ ಮಾವ ಕುಲುಮೆ ಮುಚ್ಚಿ ನಮ್ಮಲ್ಲಿಗೆ ಬಂದರು. ಬರುವಾಗ ತಂದದ್ದು ಎರಡು ಇಕ್ಕಳ, ಒಂದು ಸುತ್ತಿಗೆ, ಮತ್ತು ನೀರಿನ ಕಲ್ಲಿನ ದೋಣಿ. ಆ ದೋಣಿಯನ್ನು ಗಾಡಿಯಿಂದ ಇಳಿಸಲು ಬಂದವರು ಬೈದುಕೊಂಡೇ ಇಳಿಸಿದರು.

"ಮುತ್ಯಾ, ಇದನ್ಯಾಕ ತಂದ್ರಿ? ಇಲ್ಲಿ ಬಕೀಟ ಸಿಗೂದಿಲ್ಲೇನು?"

"ಬಕೀಟಿನ್ಯಾಗ ನೀನ ಕೈ ತೊಳ್ಕೋ" ಎಂದರು ಮಾವ.

ಆ ದೋಣಿ ಯಾಕೆ ಬಂತು ಎಂಬುದು ನನಗೆ ಆಮೇಲೆ ತಿಳಿಯಿತು. ಅವರ ಮನೆತನದಲ್ಲಿ ಕಬ್ಬಿಣಕ್ಕೆ ನೀರು ಕುಡಿಸುವುದು ಮನೆಯ ಹಿರಿಯನ ಕೆಲಸ. ಕಾಯಿಸಿ ಬಡಿದ ಕುಡಗೋಲು ಹರಿತ ಹಿಡಿಯಬೇಕಾದರೆ ಕೆಂಪಗಿರುವಾಗಲೇ ನೀರಿಗೆ ಅದ್ದಬೇಕು. ಯಾವ ಬಣ್ಣದಲ್ಲಿ, ಎಷ್ಟು ಹೊತ್ತು ಎಂಬುದರಲ್ಲಿ ಅದರ ಆಯುಷ್ಯವೆಲ್ಲ ಇರುತ್ತದೆ. ಮಕ್ಕಳು ತಿದಿ ಒತ್ತಬಹುದು, ಬೆಳೆದ ಮೇಲೆ ದೊಡ್ಡ ಸುತ್ತಿಗೆ ಬೀಸಬಹುದು. ನೀರು ಮಾತ್ರ ಹಿರಿಯನದು. ಅವನು ಇಕ್ಕಳದಿಂದ ಎತ್ತಿ ದೋಣಿಯಲ್ಲಿ ಅದ್ದುವಾಗ ಕುಲುಮೆಯಲ್ಲಿ ಯಾರೂ ಮಾತಾಡುವಂತಿಲ್ಲ. ಚುಂಯ್ ಎನ್ನುವ ಸದ್ದು ಎಲ್ಲಿ ಸಣ್ಣಗಾಗುತ್ತದೆಂದು ಅವನು ಕೇಳಬೇಕು. ಈ ಕೆಲಸವನ್ನು ಮಗ ಕೇಳಿ ಪಡೆಯುವುದಿಲ್ಲ. ಹಿರಿಯ ತಾನಾಗಿ ಇಕ್ಕಳವನ್ನು ಅವನ ಕೈಗೆ ಕೊಡಬೇಕು. ನಮ್ಮ ಮನೆಯವರು ಸೊಲ್ಲಾಪುರದಲ್ಲಿ ಏನೆಲ್ಲ ಕಲಿತು ಬಂದಿದ್ದರೂ, ತಂದೆಯ ಎದುರಿಗೆ ಒಂದು ಕಬ್ಬಿಣವನ್ನೂ ನೀರಿಗೆ ಅದ್ದಿದವರಲ್ಲ.

ವರ್ಕ್‌ಶಾಪಿನಲ್ಲಿ ಮಾವನಿಗೆ ದೊಡ್ಡ ಸುತ್ತಿಗೆ ಎತ್ತುವ ಶಕ್ತಿ ಇರಲಿಲ್ಲ. ಸುಮ್ಮನೆ ಕೂಡುವ ಜೀವವೂ ಅಲ್ಲ. ಬೈರಿಗೆ ಸಾಣೆ ಹಿಡಿಯುವ ಕೆಲಸವನ್ನು ಅವರೇ ತೆಗೆದುಕೊಂಡರು. ಮೊಂಡಾದ ಬೈರಿಗೆ ಕಬ್ಬಿಣವನ್ನು ಕೊರೆಯುವುದಿಲ್ಲ, ಉಜ್ಜುತ್ತದೆ. ಕಿರುಚುತ್ತದೆ, ಹೊಗೆ ಬಿಡುತ್ತದೆ, ತಾನೂ ಸುಡುತ್ತದೆ. ಹಾಗಾಗದಂತೆ ದಿನವೂ ಅವುಗಳ ಮೂತಿ ನೋಡಬೇಕು. ಮಾವ ಬೆಳಿಗ್ಗೆ ಚಹಾ ಕುಡಿದು, ಸಾಣೆಗಲ್ಲಿನ ಮುಂದೆ ಮಣೆ ಹಾಕಿಕೊಂಡು, ಒಂದೊಂದೇ ಬೈರಿಗೆಯನ್ನು ಎರಡೂ ಕೈಯಲ್ಲಿ ಹಿಡಿದು ಕಲ್ಲಿಗೆ ತಾಗಿಸಿ, ಹಿಡಿಯ ತುದಿಯನ್ನು ಮೆಲ್ಲಗೆ ಕೆಳಗೆ ಇಳಿಸುತ್ತಿದ್ದರು. ಒಂದು ಅಂಚು ಆದ ಮೇಲೆ ಮಗುಚಿ ಇನ್ನೊಂದು. ನಾನು ರೊಟ್ಟಿ ಬಡಿದು ಮುಗಿಸಿ ಬಂದು, ಅವರು ಸಾಣೆ ಹಿಡಿದದ್ದನ್ನು ಅಳತೆ ನೋಡಿ ಮರದ ದಿಮ್ಮಿಯ ತೂತುಗಳಲ್ಲಿ ಸಣ್ಣದರಿಂದ ದೊಡ್ಡದಕ್ಕೆ ನಿಲ್ಲಿಸುತ್ತಿದ್ದೆ. ಅಳತೆ ನೋಡುವ ಉಪಾಯ ಮನೆಯವರು ಹೇಳಿಕೊಟ್ಟದ್ದು: ಆರು ಮಗ್ಗುಲಿನ ಎರಡು ನಟ್ಟುಗಳನ್ನು ಒಂದಕ್ಕೊಂದು ಒತ್ತಿ ಇಟ್ಟರೆ ನಡುವೆ ಒಂದು ಮೂಲೆ ಆಗುತ್ತದೆ, ಬೈರಿಗೆಯ ಮೂತಿ ಆ ಮೂಲೆಯಲ್ಲಿ ಬೆಳಕು ಬಿಡದಂತೆ ಕೂಡಬೇಕು.

"ಕುಂತೈತೇನವ್ವಾ?" ಎಂದು ಮಾವ ಕಲ್ಲಿನಿಂದ ಕಣ್ಣು ತೆಗೆಯದೆ ಕೇಳುತ್ತಿದ್ದರು.

"ಕುಂತೈತ್ರಿ ಮಾವಾರ."

"ನಟ್ಟು ಸರಿ ಅದಾವೇನು ನೋಡು. ನನ್ನ ಕೈಯಂತೂ ಸರಿ ಐತಿ."

ಆಗ ನಮ್ಮಲ್ಲಿದ್ದವು ಹಳೆಯ ನಮೂನೆಯ ಉಕ್ಕಿನವು. ಸಾಣೆಯಲ್ಲಿ ಅವು ಬೇಗ ಬಿಸಿಯಾಗುತ್ತವೆ. ಅಂಚು ನೀಲಿಗೆ ತಿರುಗಿತೆಂದರೆ ಮೆತ್ತಗಾಗಿ ಕೆಟ್ಟವೆಂದೇ ಲೆಕ್ಕ. ಆದ್ದರಿಂದ ಮತ್ತೆ ಮತ್ತೆ ನೀರಿಗೆ ಅದ್ದಬೇಕು. ಮಾವ ದೋಣಿಯನ್ನು ಮಗ್ಗುಲಲ್ಲೇ ಇಟ್ಟುಕೊಂಡಿದ್ದರು. ಕಲ್ಲಿಗೆ ಹಿಡಿಯುವುದು, ನೀರಿಗೆ ಅದ್ದುವುದು. ಮತ್ತೆ ಕಲ್ಲಿಗೆ, ಮತ್ತೆ ನೀರಿಗೆ. ಆ ಸದ್ದು ಕೇಳುತ್ತ ಅವರ ಮುಖ ಹಳೆಯ ಕುಲುಮೆಯಲ್ಲಿ ಕುಳಿತಂತೆ ಆಗುತ್ತಿತ್ತು. ನಾನು ಆ ಮುಖವನ್ನು ನೋಡಿದ್ದೇನೆ.

ಮುಂದೆ ಆದದ್ದೆಲ್ಲ ಹೊಸ ಬೈರಿಗೆಗಳು ಬಂದ ಮೇಲೆ ಆದದ್ದು. ಹಳೆಯವು ಸವೆದು ಗಿಡ್ಡವಾಗಿದ್ದವು. ಮನೆಯವರು ಸೊಲ್ಲಾಪುರಕ್ಕೆ ಹೋಗಿ, ಗಟ್ಟಿ ಕಬ್ಬಿಣಕ್ಕೂ ತಾಳುವ ಹೈಸ್ಪೀಡ್ ಬೈರಿಗೆಗಳನ್ನು ತಂದರು. ಜೊತೆಗೆ ಕೈಯಿಂದ ತಿರುಗಿಸುವ ಹಳೆಯ ಸಾಣೆ ತೆಗೆದು ಮೋಟಾರಿನ ಸಾಣೆ ಕೂಡಿಸಿದರು. ಮಾವ ಮೊದಲ ದಿನ ಹೊಸ ಬೈರಿಗೆಯನ್ನು ಕಲ್ಲಿಗೆ ಹಿಡಿದು ಮುಖ ಕಿವಿಚಿದರು.

"ತಮ್ಮಾ, ಇದೆಂಥಾ ಕಬ್ಬಣ ತಂದಿಯೋ? ಕಿಡಿ ನೋಡು. ಕೆಂಪಗ ಬಿದ್ದು ಅಲ್ಲೇ ಸಾಯಾಕತ್ತಾವು. ಒಂದರ ಹೂ ಬಿಡವಲ್ಲದು."

ಹಳೆಯ ಉಕ್ಕು ಸಾಣೆಯಲ್ಲಿ ಬೆಳ್ಳನೆಯ ಕಿಡಿ ಹಾರಿಸುತ್ತಿತ್ತು. ಪ್ರತಿ ಕಿಡಿಯ ತುದಿಯೂ ಹೂವಿನಂತೆ ಒಡೆಯುತ್ತಿತ್ತು. ಇದರದು ಮಂಕಾದ ಕೆಂಪು ಗೆರೆ, ಅಷ್ಟೆ.

"ಹೊಸಾ ನಮೂನಿ ಅಪ್ಪಾ" ಎಂದರು ಇವರು. "ಇದು ಛಲೋ ಐತಿ."

"ಏನ್ ಛಲೋ? ಬಡಕಲ ಐತಿ. ಜೀವಿಲ್ಲ ಇದರಾಗ. ನೀರು ಹೆಚ್ಚಿಗಿ ಬೇಕು ಇದಕ್ಕ."

ಹೀಗೆಂದವರೇ, ಮೋಟಾರಿನ ಕಲ್ಲಿಗೆ ಒತ್ತಿ ಹಿಡಿದು ಅಂಚು ಕಪ್ಪಾಗುವಷ್ಟು ಬಿಸಿಯಾದ ಬೈರಿಗೆಯನ್ನು ದೋಣಿಗೆ ಅದ್ದಿದರು. ಬಹಳ ಹೊತ್ತು ಹಿಡಿದರು. ನಮ್ಮ ಮನೆಯವರು ಪಕ್ಕದಲ್ಲಿ ನಿಂತಿದ್ದರು. ಬಾಯಿ ತೆರೆದರು. ನೀರಿನ ಸದ್ದು ಕೇಳುತ್ತಿತ್ತು. ಬಾಯಿ ಮುಚ್ಚಿದರು.

ಮಧ್ಯಾಹ್ನ ಊಟಕ್ಕೆ ಬಂದಾಗ ನನಗೆ ಹೇಳಿದರು. ಹೈಸ್ಪೀಡ್ ಉಕ್ಕಿಗೆ ಬಿಸಿ ಏನೂ ಮಾಡುವುದಿಲ್ಲ, ನೀಲಿಯಾದರೂ ಕೆಡುವುದಿಲ್ಲ. ಆದರೆ ಬಿಸಿಯಾಗಿದ್ದಾಗ ತಣ್ಣೀರಿಗೆ ಹಾಕಿದರೆ ಒಳಗೆ ಕಣ್ಣಿಗೆ ಕಾಣದಂಥ ಸೀಳು ಬಿಡುತ್ತದೆ. ಅದನ್ನು ಇಟ್ಟಿಗೆಯ ಮೇಲೆ ಇಟ್ಟು ಗಾಳಿಗೆ ಆರಲು ಬಿಡಬೇಕು.

"ಹಂಗಾದ್ರ ಮಾವಾರಿಗೆ ಹೇಳ್ರಿ" ಎಂದೆ.

"ಏನಂತ ಹೇಳ್ಲಿ? ನೀರು ಕುಡಸೂದು ನಿಮಗ ತಿಳಿಯಂಗಿಲ್ಲ ಅಂತ ಹೇಳ್ಲೇನು?"

"ಹಂಗ ಯಾಕ ಅಂತೀರಿ? ಇದಕ್ಕ ನೀರು ಆಗೂದಿಲ್ಲ ಅಂತ ಹೇಳ್ರಿ."

"ನಿನಗ ಅದು ಬ್ಯಾರೆ ಕೇಳ್ತೈತಿ. ಅವರಿಗೆ ಎರಡೂ ಒಂದ ಕೇಳ್ತೈತಿ" ಎಂದು ರೊಟ್ಟಿ ಮುರಿದರು. ಆಮೇಲೆ ಅಂದರು: "ಅವ್ವ ಹೋದಳು. ಕುಲಮಿ ಹೋತು. ಉಳದದ್ದು ಅದೊಂದ ಐತಿ ಅವರಿಗೆ."

ಒಂದು ದಿನ ದೋಣಿಗೆ ನೀರು ತುಂಬುವುದನ್ನು ಬೇಕೆಂದೇ ತಡಮಾಡಿದೆ. ಮಾವ ಎರಡು ಸಲ ಕೂಗಿ, ಮೂರನೆಯದಕ್ಕೆ ತಾವೇ ಎದ್ದು ಬಂದು, ಕುಡಿಯುವ ನೀರಿನ ಕೊಡವನ್ನೇ ಎತ್ತಿಕೊಂಡು ಹೋಗಿ ದೋಣಿಗೆ ಸುರಿದರು. "ನಿನ್ನ ರೊಟ್ಟಿ ತಡಾ ಆದ್ರ ನಡೀತೈತವ್ವಾ, ಕಬ್ಬಣಕ್ಕ ತಡಾ ಆಗಬಾರ್ದು" ಎಂದು ನನಗೇ ಅಂದರು.

ಕೊನೆಗೆ ಮನೆಯವರು ಒಂದು ದಾರಿ ಕಂಡುಕೊಂಡರು. ಉಳಿದಿದ್ದ ಹಳೆಯ ಗಿಡ್ಡ ಬೈರಿಗೆಗಳನ್ನೆಲ್ಲ ಮಾವನ ಮುಂದೆ ಇಟ್ಟರು. ಹೊಸವು ಇನ್ನೂ ಹರಿತ ಇವೆ ಎಂದು ಅವರಿಗೆ ಹೇಳಿ, ಎಣ್ಣೆ ಬಟ್ಟೆಯಲ್ಲಿ ಸುತ್ತಿ ನನ್ನ ಕೈಗೆ ಕೊಟ್ಟರು. ನಾನು ಅವನ್ನು ಅಡುಗೆ ಮನೆಯಲ್ಲಿ, ಜೋಳದ ಹಿಟ್ಟಿನ ಹಿಂದೆ, ಶೇಂಗಾದ ಡಬ್ಬಿಯಲ್ಲಿ ಇಟ್ಟೆ. ಮಾವ ಸಂಜೆ ಬಸವಣ್ಣನ ಗುಡಿಯ ಕಟ್ಟೆಗೆ ಹೋಗಿ ಕೂಡುವ ರೂಢಿ ಇತ್ತು. ಅವರು ಅತ್ತ ಹೋದಾಗ ಇವರು ಹೊಸವನ್ನು ತೆಗೆದು ಸಾಣೆ ಹಿಡಿದು, ಇಟ್ಟಿಗೆಯ ಮೇಲೆ ಆರಿಸಿ, ನನಗೆ ತಿರುಗಿ ಕೊಡುತ್ತಿದ್ದರು. ಕೆಲಸ ಬಂದಾಗ ನಾನು ಸೆರಗಿನಲ್ಲಿ ಮುಚ್ಚಿಕೊಂಡು ತಂದುಕೊಡಬೇಕು. ಮಾವನ ಕಣ್ಣು ತಪ್ಪಿಸಿ ನಾವಿಬ್ಬರು ಹೀಗೆ ಓಡಾಡುವುದು ನಮಗೇ ನಗು ತರುತ್ತಿತ್ತು. ಕದ್ದ ಮಾಲಿನಂತೆ ಬೈರಿಗೆ ಸಾಗಿಸುವ ಗಂಡ ಹೆಂಡತಿ ಇಂಡಿ, ಸಿಂದಗಿ, ಬಾಗೇವಾಡಿ ಎಲ್ಲಿ ಹುಡುಕಿದರೂ ಸಿಗಲಿಕ್ಕಿಲ್ಲ ಎಂದು ಇವರು ಹೇಳುತ್ತಿದ್ದರು.

ಒಂದು ಮಳೆಗಾಲ ಮತ್ತು ಒಂದು ಚಳಿಗಾಲ ಹೀಗೇ ನಡೆಯಿತು.

ಬೇಸಿಗೆ ಶುರುವಾಗಿತ್ತು. ಇವರು ಒಂದು ಇಂಜಿನ್ನಿನ ಕೆಲಸಕ್ಕೆ ಬೇರೆ ಊರಿಗೆ ಹೋಗಿದ್ದರು. ನಾನು ಹಿತ್ತಿಲಲ್ಲಿ ಬಟ್ಟೆ ಒಗೆಯುತ್ತಿದ್ದೆ. ಮಾವನಿಗೆ ಬಾಯಿ ಒಣಗಿ, ಶೇಂಗಾ ಬೆಲ್ಲ ತಿನ್ನೋಣವೆಂದು ಅಡುಗೆ ಮನೆಗೆ ಹೋಗಿದ್ದಾರೆ. ನಾನು ಬಟ್ಟೆ ಹರವಿ ಒಳಗೆ ಬಂದಾಗ ಡಬ್ಬಿ ಬಾಯಿ ತೆರೆದು ಬಿದ್ದಿತ್ತು. ಹೊರಗೆ ಸಾಣೆ ತಿರುಗುತ್ತಿತ್ತು.

ನಾನು ಚಪ್ಪರಕ್ಕೆ ಬರುವಷ್ಟರಲ್ಲಿ ಅವರು ಎಲ್ಲವನ್ನೂ ಸಾಣೆ ಹಿಡಿದು ಮುಗಿಸಿದ್ದರು. ಕೊನೆಯದು ದೋಣಿಯಲ್ಲಿತ್ತು. ನನ್ನನ್ನು ನೋಡಿ ನಕ್ಕರು. ನಾನು ಮದುವೆಯಾಗಿ ಬಂದ ಮೇಲೆ ಅವರು ಅಷ್ಟು ಬಾಯಿ ತುಂಬ ನಕ್ಕದ್ದನ್ನು ನೋಡಿರಲಿಲ್ಲ.

"ಮುದುಕಗ ತ್ರಾಸ ಆಗ್ತೈತಿ ಅಂತ ಮುಚ್ಚಿಟ್ಟೀರೇನು? ಗಂಡ ಹೇಂತಿ ಕೂಡಿ ನನ್ನ ಮೂಲಿಗೆ ಕುಂದರಸೂ ಹಂಚಿಕಿ ಮಾಡೀರಲ್ಲ! ಇನ್ನೂ ಕೈ ಐತವ್ವಾ ನನಗ. ನೋಡು, ಅಳತಿ ಹಿಡಿ."

ನಾನು ನಟ್ಟುಗಳನ್ನು ತಂದು ಹಿಡಿದೆ. ಒಂದೂ ಬೆಳಕು ಬಿಡಲಿಲ್ಲ. ದಿಮ್ಮಿಯ ತೂತುಗಳಲ್ಲಿ ಅವನ್ನು ನಿಲ್ಲಿಸಿದೆ. ಸಂಜೆ ಇವರು ಬಂದಾಗ ಮಾವ ದಿಮ್ಮಿಯನ್ನು ಎತ್ತಿ ತೋರಿಸಿ, "ಸಿಕ್ಕಿಬಿದ್ದಿ ಮಗನ" ಎಂದರು. ಇವರು ದಿಮ್ಮಿಯನ್ನು ನೋಡಿದರು, ದೋಣಿಯನ್ನು ನೋಡಿದರು, ತಂದೆಯ ಮುಖವನ್ನು ನೋಡಿದರು. ತಾವೂ ನಕ್ಕರು.

ಮಾವ ಕಟ್ಟೆಗೆ ಹೋದ ಮೇಲೆ ಇವರು ಪ್ರತಿ ಬೈರಿಗೆಯನ್ನೂ ಎಣ್ಣೆ ಒರೆಸಿ ಇಳಿಬಿಸಿಲಿಗೆ ಹಿಡಿದು ತಿರುಗಿಸಿ ನೋಡಿದರು. ಉಗುರಿನಿಂದ ಅಂಚು ತಡವಿದರು. ಒಂದನ್ನು ಕಲ್ಲಿನ ಮೇಲೆ ಬೀಳಿಸಿ ಸದ್ದು ಕೇಳಿದರು.

"ಏನರ ಕಾಣಸ್ತೈತೇನ್ರಿ?" ಎಂದೆ.

"ಏನೂ ಕಾಣಸವಲ್ಲದು. ನಡೀತಾವು."

"ಬ್ಯಾರೆ ತರ್ರಿ."

"ತಂದ್ರ ಯಾಕ ತಂದಿ ಅಂತ ಕೇಳ್ತಾರ" ಎಂದರು.

ಆಮೇಲೆ ಅವರು ಆ ಬೈರಿಗೆಗಳಿಂದಲೇ ಕೆಲಸ ಮಾಡಿದರು. ಮೆತ್ತನೆಯ ಕಬ್ಬಿಣದಲ್ಲಿ ಅವು ಚೆನ್ನಾಗಿಯೇ ಓಡಿದವು. ಕೊರೆದ ಚೂರು ಸುರುಳಿ ಸುರುಳಿಯಾಗಿ ಎರಡೂ ಅಂಚಿನಿಂದ ಸಮವಾಗಿ ಬರುತ್ತಿತ್ತು. ಮಾವ ಆ ಸುರುಳಿಗಳನ್ನು ಎತ್ತಿ ಗಿರಾಕಿಗಳಿಗೆ ತೋರಿಸುತ್ತಿದ್ದರು.

ಚಡಚಣದ ಕಡೆಯ ಒಬ್ಬ ಲಾರಿ ಡ್ರೈವರ್ ಬಂದದ್ದು ಒಂದು ಬೆಳಿಗ್ಗೆ. ಲಾರಿಯಲ್ಲಿ ಬೆಲ್ಲದ ಪೆಂಟೆಗಳಿದ್ದವು. ಚಕ್ರದ ಮೇಲಿನ ಪಾಟಾ, ಲಾರಿಯ ಭಾರ ಹೊರುವ ಬಾಗಿದ ಉಕ್ಕಿನ ಪಟ್ಟಿ, ಒಂದು ಮುರಿದಿತ್ತು. ಅವನು ಹೊಸ ಪಾಟಾ ತಂದಿದ್ದ. ಅದರ ನಡುವೆ ತೂತು ಬೀಳಬೇಕಿತ್ತು. ಪಾಟಾದ ಉಕ್ಕು ಬಹಳ ಗಟ್ಟಿ. ಮಾವ ಅದರ ನಡುಭಾಗವನ್ನು ಒಲೆಯಲ್ಲಿ ಕೆಂಪಗೆ ಕಾಯಿಸಿ, ಮೆತ್ತಗಾಗಲೆಂದು ಬೂದಿಯಲ್ಲಿ ಹುಗಿದಿಟ್ಟಿದ್ದರು. ಡ್ರೈವರ್ ಸುಮ್ಮನೆ ಕೂಡಲಿಲ್ಲ.

"ಓ ಮಾಮಾ, ಏನ್ ಗೆಣಸು ಸುಡಾಕತ್ತೀರೇನು? ಈ ಬಿಸಲಾಗ ನನ್ನ ಬೆಲ್ಲ ಬೆವರಾಕತ್ತೈತಿ. ಲೌಕರ್, ಲಗೂನ ತೆಗೀರಿ."

"ಬೆಲ್ಲ ಬೆವತ್ರ ನೆಕ್ಕು. ಉಕ್ಕು ಒಡದ್ರ ಏನು ನೆಕ್ಕತಿ?" ಎಂದರು ಮಾವ. ಎಲ್ಲರೂ ನಕ್ಕರು. ನಾನು ಚಹಾ ತಂದಿದ್ದೆ. ಬಟ್ಟಲು ಹಿಡಿದುಕೊಂಡು ಅಲ್ಲೇ ನಿಂತಿದ್ದೆ. ಆದ್ದರಿಂದ ಆಮೇಲೆ ನಡೆದದ್ದನ್ನು ನಾನು ನೋಡಿದೆ.

ಇವರು ಪಾಟಾವನ್ನು ಮಷೀನಿನ ಮೇಜಿಗೆ ಬಿಗಿದರು. ಮೊಳೆಯಿಂದ ಗುರುತು ಹೊಡೆದರು. ಮೊದಲು ಸಣ್ಣ ಬೈರಿಗೆಯಿಂದ ದಾರಿ ಮಾಡಿದರು. ಅದು ಪಾರಾಯಿತು. ಆಮೇಲೆ ದಿಮ್ಮಿಯಿಂದ ದೊಡ್ಡದನ್ನು ತೆಗೆದು ಕಚ್ಚಿಸಿ, ಬೆಲ್ಟನ್ನು ನಿಧಾನದ ಗಾಲಿಗೆ ಹಾಕಿ, ಎಣ್ಣೆ ಬಿಟ್ಟು ಹಿಡಿಕೆ ಇಳಿಸಿದರು. ಬೈರಿಗೆ ಕಚ್ಚಿತು. ಚೂರು ಬರತೊಡಗಿತು. ಮೊದಲು ಎರಡು ಸುರುಳಿ ಬರುತ್ತಿದ್ದವು. ತುಸು ಹೊತ್ತಿಗೆ ಒಂದೇ ಆಯಿತು. ಇವರು ಅದನ್ನು ನೋಡಿ ಮುಖ ಹತ್ತಿರ ತಂದರು. ನನಗೆ ಆ ಬಗ್ಗುವುದು ಈಗಲೂ ಕಾಣುತ್ತದೆ. ಟಕ್ ಎಂದು ಒಣ ಕಟ್ಟಿಗೆ ಮುರಿದಂಥ ಸಣ್ಣ ಸದ್ದು. ಇವರು ಎಡಗೈಯಿಂದ ಕಣ್ಣು ಮುಚ್ಚಿಕೊಂಡು ಹಿಂದಕ್ಕೆ ಒಂದು ಹೆಜ್ಜೆ ಇಟ್ಟು ನೆಲಕ್ಕೆ ಕುಳಿತರು. ಕೂಗಲಿಲ್ಲ.

"ಮೋಟಾರ್ ಬಂದ್ ಮಾಡು" ಎಂದರು ನನಗೆ.

ನಾನು ಚಹಾದ ಬಟ್ಟಲು ಕೆಳಗಿಟ್ಟು ಮೋಟಾರ್ ಬಂದ್ ಮಾಡಿದೆ. ಅಲ್ಲಿಯವರೆಗೂ ನಾನು ಬಟ್ಟಲನ್ನು ಹಿಡಿದೇ ಇದ್ದೆ. ಬೆರಳುಗಳ ಸಂದಿನಿಂದ ರಕ್ತ ಬರುತ್ತಿತ್ತು, ಹೆಚ್ಚು ಅಲ್ಲ.

ಆ ಡ್ರೈವರ್ ಒಳ್ಳೆಯ ಮನುಷ್ಯ. ಮುರಿದ ಪಾಟಾಕ್ಕೆ ಹಗ್ಗ ಬಿಗಿದು, ಬೆಲ್ಲವನ್ನು ರಸ್ತೆಯ ಬದಿಗೆ ಇಳಿಸಿ, ನಮ್ಮನ್ನು ಲಾರಿಯಲ್ಲೇ ವಿಜಾಪುರದ ಆಸ್ಪತ್ರೆಗೆ ಕರೆದುಕೊಂಡು ಹೋದ. ದಾರಿಯಲ್ಲಿ ಗುಂಡಿ ಬಂದಾಗಲೆಲ್ಲ ಲಾರಿಯನ್ನು ಬಹಳ ನಿಧಾನ ಮಾಡಿ, "ಬಸ್, ಆತ್ರಿ, ಆತ್ರಿ ಅಕ್ಕಾರ" ಎನ್ನುತ್ತಿದ್ದ. ಡಾಕ್ಟರು ಕಣ್ಣಿಗೆ ನಟ್ಟಿದ್ದ ಬೈರಿಗೆಯ ಚೂರನ್ನು ತೆಗೆದರು. ಕಣ್ಣು ಉಳಿಯುವುದಿಲ್ಲ ಎಂದು ಮರುದಿನ ಹೇಳಿದರು. ಮುದ್ದೇಬಿಹಾಳದಿಂದ ನನ್ನ ಅಣ್ಣ ಬಂದು ಆಸ್ಪತ್ರೆಯಲ್ಲಿ ಇವರ ಹತ್ತಿರ ಕುಳಿತ. ನಾನು ಮಾವನನ್ನು ನೋಡಲು ಒಂದು ಹೊತ್ತಿಗೆ ಸಿಂದಗಿಗೆ ಬಂದೆ.

ಮಾವ ಚಪ್ಪರದ ಹೊಸ್ತಿಲಲ್ಲಿ ಬಿಸಿಲಿಗೆ ಕುಳಿತಿದ್ದರು. ಮಷೀನಿನಲ್ಲಿ ಉಳಿದಿದ್ದ ಬೈರಿಗೆಯ ತುಂಡನ್ನು ಬಿಚ್ಚಿ ತೆಗೆದಿದ್ದರು. ನೆಲದ ಮೇಲಿನ ಕಬ್ಬಿಣದ ಚೂರನ್ನೆಲ್ಲ ಒಂದು ಕಡೆ ಗುಡಿಸಿ, ಬೆರಳಿನಿಂದ ಜಾಲಾಡಿ, ಮುರಿದು ಬಿದ್ದ ಇನ್ನೊಂದು ತುಂಡನ್ನೂ ಹುಡುಕಿಕೊಂಡಿದ್ದರು. "ಹ್ಯಾಂಗದಾನ?" ಎಂದು ಕೇಳಿದರು. ನಾನು ಹೇಳಿದೆ. ತಲೆ ಆಡಿಸಿದರು. ಆಮೇಲೆ ತುಂಡನ್ನು ಮುರಿದ ಕಡೆಯಿಂದ ನನ್ನತ್ತ ತಿರುಗಿಸಿ ಹಿಡಿದರು.

"ಇಲ್ಲಿ ನೋಡವ್ವಾ. ಈ ಕಡೆ ಬೆಳ್ಳಗ ಐತಿ. ಇದು ಅವತ್ತ ಮುರದದ್ದು. ಈ ಕಡೆ ಕರ್ರಗ ಐತಿ, ಒಳಗ ತುಕ್ಕು ಕುಂತೈತಿ. ಇದು ಮೊದಲ ಸೀಳಿತ್ತು."

ನಾನು ನೋಡಿದೆ. ಅವರು ಹೇಳಿದಂತೆಯೇ ಇತ್ತು. ಅರ್ಧಕ್ಕಿಂತ ಹೆಚ್ಚು ಭಾಗ ಕಪ್ಪಾಗಿತ್ತು.

"ನೀರಿನ ಸೀಳು ಇದು. ಮಂದಿ ಗಡಿಬಿಡಿಲೆ ನೀರಿಗೆ ಹಾಕಿದ ಕುಡಗೋಲಿನ್ಯಾಗ ನೋಡೀನಿ. ನನ್ನ ಕೈಯಾಗಿಂದು ಎಂದೂ ನೋಡಿದ್ದಿಲ್ಲ."

ಆ ತುಂಡನ್ನು ಹೆಬ್ಬೆರಳಿನಿಂದ ಒರೆಸಿದರು. ಆಮೇಲೆ ನನ್ನ ಮುಖ ನೋಡದೆ ಕೇಳಿದರು.

"ಅವಗ ಗೊತ್ತಿತ್ತೇನು? ಇದಕ್ಕ ನೀರು ಆಗೂದಿಲ್ಲ ಅಂತ?"

ಮಾವ ನನ್ನನ್ನು ಅದುವರೆಗೆ ಏನನ್ನೂ ಹಾಗೆ ಕೇಳಿರಲಿಲ್ಲ. "ಗೊತ್ತಿತ್ರಿ ಮಾವಾರ" ಎಂದೆ.

"ಎಂದಿಂದ?"

"ತಂದ ದಿನದಿಂದ್ರಿ. ಸೊಲ್ಲಾಪುರದಾಗ ಕಲ್ತಿದ್ರಂತ."

"ಮುಚ್ಚಿಟ್ಟಿದ್ದು ಅದಕ್ಕೇನು?"

"ಹೌದ್ರಿ."

ಮಾವ "ಹಾಂ" ಎಂದರು. ಅಳಲಿಲ್ಲ, ಸಿಟ್ಟಾಗಲಿಲ್ಲ. ಎದ್ದು ತುಂಡುಗಳನ್ನು ಎಲ್ಲಿಡಬೇಕೆಂದು ತಿಳಿಯದವರಂತೆ ಚಪ್ಪರದಲ್ಲಿ ಅತ್ತಿತ್ತ ನೋಡಿ, ಕೊನೆಗೆ ಅಂಗಿಯ ಕಿಸೆಗೆ ಹಾಕಿಕೊಂಡರು. "ನಾ ಅವನ ಮ್ಯಾಲೆ ನಕ್ಕೆ ನೋಡವ್ವಾ, ಸಿಕ್ಕಿಬಿದ್ದಿ ಅಂತ" ಎಂದರು. ಇಷ್ಟೇ. ಆ ದಿನ ನಾನು ಮಾಡಿಟ್ಟ ರೊಟ್ಟಿ ಮರುದಿನವೂ ಹಾಗೇ ಇತ್ತು.

ಮನೆಯವರು ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಊರಿಗೆ ಬಂದರು. ಬಂದ ದಿನವೇ ಅವರಿಗೆ ತಂದೆಯ ಮುಖದಿಂದ ಗೊತ್ತಾಯಿತು.

"ಅಪ್ಪಗ ಯಾರು ಹೇಳಿದ್ರು?"

"ಯಾರೂ ಹೇಳಲಿಲ್ಲ. ಮುರದದ್ದನ್ನ ನೋಡಿ ತಿಳ್ಕೊಂಡ್ರು. ನಿಮಗ ಗೊತ್ತಿತ್ತೇನು ಅಂತ ಕೇಳಿದ್ರು. ಹೌದಂದೆ."

"ಇಲ್ಲ ಅನ್ನಬೇಕಿಲ್ಲೇನು?" ಎಂದು ಗೋಡೆಯ ಕಡೆ ಹೊರಳಿದರು. ಕಣ್ಣು ಹೋದದ್ದಕ್ಕೆ ಅವರು ನನ್ನ ಎದುರಿಗೆ ಅತ್ತಿರಲಿಲ್ಲ. ಆಗ ಅತ್ತರು.

ಮಾವ ಆಮೇಲೆ ಸಾಣೆಯ ಹತ್ತಿರ ಬರಲಿಲ್ಲ. ಚಪ್ಪರದ ಹೊರಗೆ ಬೇವಿನ ಗಿಡದ ಕೆಳಗೆ, ರಸ್ತೆಯ ಕಡೆ ಮುಖ ಮಾಡಿ ಕೂಡುತ್ತಿದ್ದರು. ಇವರು ನೀರು ಕುಡಿದ ಬೈರಿಗೆಗಳನ್ನೆಲ್ಲ ಬಿಸಾಕಿ, ಹೊಸ ಹೈಸ್ಪೀಡ್ ಬೈರಿಗೆ ತರಿಸಿ ಕೆಲಸ ಶುರು ಮಾಡಿದರು. ಒಂದೇ ಕಣ್ಣಿನಲ್ಲಿ ಬೈರಿಗೆಯ ಮೂತಿ ಗುರುತಿನ ಮೇಲಿದೆಯೋ ಮುಂದಿದೆಯೋ ತಿಳಿಯುತ್ತಿರಲಿಲ್ಲ. ಬೆರಳು ಇಟ್ಟು ತಡವಿ ಇಳಿಸುತ್ತಿದ್ದರು. ಅದು ಅಪಾಯವೆಂದು ನಾನು ಮಗ್ಗುಲಲ್ಲಿ ನಿಂತು, "ಇಲ್ಲ, ಇನ್ನಾ ತುಸು ಆ ಕಡೆ" ಎಂದು ಹೇಳತೊಡಗಿದೆ. ಸಾಣೆ ಹಿಡಿಯಲು ಅವರಿಂದ ಆಗಲಿಲ್ಲ. ಬೈರಿಗೆಗಳು ಮೊಂಡಾದವು. ಕಬ್ಬಿಣ ಕಿರುಚುತ್ತಿತ್ತು. ಆ ಸದ್ದು ಕೇಳಿದಾಗಲೆಲ್ಲ ಹೊರಗೆ ಕುಳಿತ ಮಾವ ಎದ್ದು, ಕಿವಿಗೆ ಕೇಳಿಸದಷ್ಟು ದೂರ, ರಸ್ತೆಗುಂಟ ನಡೆದು ಹೋಗುತ್ತಿದ್ದರು. ಕಿರುಚುವುದು ನಿಂತ ಮೇಲೆ ತಿರುಗಿ ಬರುತ್ತಿದ್ದರು. ತಂದೆ ಮಕ್ಕಳು ಊಟಕ್ಕೆ ಒಟ್ಟಿಗೇ ಕೂಡುತ್ತಿದ್ದರು. ಒಬ್ಬರಿಗೊಬ್ಬರು ಪಲ್ಯ ಹಾಕಿಸುತ್ತಿದ್ದರು. ಮಾತು ಮಾತ್ರ ಇರಲಿಲ್ಲ.

ಒಂದು ಬೆಳಿಗ್ಗೆ ಹಾಗೆಯೇ ಬೈರಿಗೆ ಕಿರುಚಿತು. ಮಾವ ಎದ್ದರು. ಇವರು ಮಷೀನು ನಿಲ್ಲಿಸಿ, ಕೈ ಒರೆಸಿಕೊಂಡು ಹೊರಗೆ ಹೋದರು. ನಾನು ಬಾಗಿಲಲ್ಲಿದ್ದೆ.

"ಅಪ್ಪಾ."

ಮಾವ ನಿಂತರು. ತಿರುಗಲಿಲ್ಲ.

"ಅದಕ್ಕ ನೀರು ಬ್ಯಾಡಪ್ಪಾ. ಬಿಸಿ ಆದ್ರ ಇಟ್ಟಂಗಿ ಮ್ಯಾಲೆ ಇಡೂದು, ಗಾಳಿಗೆ ಆರ್ತೈತಿ. ಅಷ್ಟ ಐತಿ ನೋಡು. ಬಾ, ಕೂಡು."

ಅಷ್ಟೇ ಮಾತು. ಅದನ್ನು ಹೇಳಿ ಮುಗಿಸಲು ಅವರಿಗೆ ಒಂದು ಉಸಿರು ಸಾಕಾಯಿತು. ಅದು ಅಷ್ಟು ಚಿಕ್ಕ ಮಾತು ಎಂಬುದು ಆಗ ನಮ್ಮ ಮೂವರಿಗೂ ತಿಳಿಯಿತು. ಯಾರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಮಾವ ಒಳಗೆ ಬಂದರು. ಮಣೆಯ ಮೇಲೆ ಕುಳಿತರು. ಇವರು ಮೊಂಡಾದ ಬೈರಿಗೆಯನ್ನು ಅವರ ಕೈಗೆ ಕೊಟ್ಟು ಸಾಣೆ ಚಾಲೂ ಮಾಡಿದರು. ಮಾವ ಎರಡೂ ಕೈಯಲ್ಲಿ ಹಿಡಿದು ಕಲ್ಲಿನ ಹತ್ತಿರ ತಂದರು. ತಾಗಿಸಲಿಲ್ಲ. ಹಿಂದಕ್ಕೆ ತೆಗೆದು, ಧೋತರದ ಮೇಲೆ ಬೆವರು ಒರೆಸಿಕೊಂಡು, ಮತ್ತೊಮ್ಮೆ ಹಿಡಿದರು. ಈ ಸಲ ಕಲ್ಲಿಗೆ ತಾಗಿ, ಅಂಚು ಅಡ್ಡಾದಿಡ್ಡಿ ಕಚ್ಚಿ ಹಾರಿತು. ಅವರು ಮಣೆಯಿಂದ ಎದ್ದು ಅದನ್ನು ನನ್ನ ಕಡೆ ಚಾಚಿದರು.

"ನೀ ಹಿಡಿಯವ್ವಾ. ನನ್ನ ಕೈ ಹೋತು."

"ನನಗ ಬರೂದಿಲ್ಲರಿ ಮಾವಾರ."

"ನೋಡಿ ನೋಡಿ ಕಲ್ತಿರ್ತಿ. ಹಿಡಿ."

ನಾನು ಸೆರಗು ಸಿಕ್ಕಿಸಿಕೊಂಡು ಕುಳಿತೆ. ಮಾವ ನನ್ನ ಹಿಂದೆ ನಿಂತರು. ಇವರು ಎದುರಿಗೆ ನಿಂತರು. ನಾನು ಒಂದು ಅಂಚು ಹಿಡಿದೆ, ಮಗುಚಿ ಇನ್ನೊಂದು ಹಿಡಿದೆ. ಬೈರಿಗೆ ಕೈ ಸುಡತೊಡಗಿತು. ಎದ್ದು ಇಟ್ಟಿಗೆಯ ಮೇಲೆ ಇಟ್ಟೆ. ಮೋಟಾರು ನಿಲ್ಲಿಸಿದೆವು. ರಸ್ತೆಯಲ್ಲಿ ಇಂಡಿಗೆ ಹೋಗುವ ಬಸ್ಸು ಧೂಳೆಬ್ಬಿಸಿ ಹೋಯಿತು. ಮೂವರೂ ಆ ಬೈರಿಗೆಯನ್ನೇ ನೋಡುತ್ತ ನಿಂತೆವು. ಮಾವ ಒಂದೆರಡು ಸಲ ಕೈ ಮುಂದೆ ಚಾಚಿ ಅದರ ಕಾವು ನೋಡಿ ಹಿಂದಕ್ಕೆ ತೆಗೆದರು. ಬಹಳ ಹೊತ್ತು ಹಿಡಿಯಿತು ಅದು ಆರಲಿಕ್ಕೆ.